ಕ್ಯಾಮೆರಾಕ್ಕೆ ಕಲಿಸುವವಳು ನೀನು

ಚಿರಂಜೀವಿ ಮಗಳೇ, ಆಶೀರ್ವಾದಗಳು.

ಫ್ಯಾಕ್ಟರಿ ಲೈನಿಗೆ ಪೀಸುಗಳ ದೋಷ ಹಿಡಿಯುವ ಎಐ ಕ್ಯಾಮೆರಾ ಬಂತು, ಇನ್ನು ನನ್ನ ಕಣ್ಣಿಗೇನು ಕೆಲಸ ದೊಡ್ಡಪ್ಪ ಅಂತ ಬರೆದಿದ್ದೀಯ. ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಟೇಬಲ್ ಮುಂದೆ ಕೂತವನಿಗೆ ಕಣ್ಣು ಹೇಗೆ ಸೋಲುತ್ತದೆ ಅಂತ ಗೊತ್ತು. ಅಪರೂಪಕ್ಕೊಮ್ಮೆ ಬರುವ ಸೂಚನೆಗಾಗಿ ಕಾದು ಕೂತವರ ಎಚ್ಚರ ಅರ್ಧ ಗಂಟೆಯೊಳಗೇ ಕುಗ್ಗುತ್ತದೆಂದು ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು. ಕ್ಯಾಮೆರಾಕ್ಕೆ ಆ ದಣಿವಿಲ್ಲ. ಸುಮ್ಮನೆ ನೋಡುತ್ತಾ ಕೂರುವ ಕೆಲಸವನ್ನು ಅದಕ್ಕೇ ಬಿಡು.

ಆದರೆ ಅದಕ್ಕೆ ಒಳ್ಳೇದು ಕೆಟ್ಟದ್ದು ಕಲಿಸಿದ್ದು ಯಾರು? ಫೋಟೋಗಳನ್ನು ಒಂದೊಂದಾಗಿ ನೋಡಿ ಇದು ಪಾಸ್, ಇದು ರಿಜೆಕ್ಟ್ ಎಂದು ಗುರುತು ಹಾಕಿದವರು. ನಮ್ಮ ಕಾಲದಲ್ಲಿ ಒಮ್ಮೆ ಎರಕದ ಪೀಸುಗಳ ಒಂದೇ ಟ್ರೇಯನ್ನು ನಮ್ಮ ಮೂವರಿಗೂ ಎರಡೆರಡು ಸಲ ಕೊಟ್ಟು ಪರೀಕ್ಷೆ ಮಾಡಿದರು. ಬೆಳಿಗ್ಗೆ ನಾನು ಪಾಸ್ ಮಾಡಿದ ಪೀಸನ್ನು ಸಂಜೆ ನಾನೇ ರಿಜೆಕ್ಟ್ ಮಾಡಿದ್ದೆ! ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನದಿಂದ, ಪಾಸ್ ಮಾಡಬಹುದಾದ ಪೀಸುಗಳಲ್ಲೇ ಅತಿ ಕಳಪೆಯದೊಂದನ್ನು ಮಾದರಿಯಾಗಿ ಮೇಜಿನ ಮೇಲೇ ಇಟ್ಟುಕೊಂಡೆವು. ನೀನೂ ಲೇಬಲ್ ಹಾಕುವ ಮುಂಚೆ ಹಾಗೇ ಮಾಡು. ನಿಮ್ಮೊಳಗೆ ತಕರಾರಿದ್ದರೆ ಕ್ಯಾಮೆರಾ ಆ ತಕರಾರನ್ನೇ ಕಲಿಯುತ್ತದೆ.

ಕ್ಯಾಮೆರಾ ನೂರಕ್ಕೆ 99 ಸರಿ ಹೇಳುತ್ತದೆ ಅಂತ ಯಾರಾದರೂ ಹೊಗಳಿದರೆ ಒಂದು ಲೆಕ್ಕ ಹಾಕಿ ನೋಡು. ಸಾವಿರದಲ್ಲಿ ಒಂದೇ ಪೀಸು ನಿಜಕ್ಕೂ ಕೆಟ್ಟದ್ದು ಅಂದುಕೋ. ಉಳಿದ 999ರಲ್ಲಿ ನೂರಕ್ಕೊಂದು ತಪ್ಪಿದರೂ ಸುಮಾರು ಹತ್ತು ಒಳ್ಳೆಯ ಪೀಸು ರಿಜೆಕ್ಟ್ ಡಬ್ಬಿಗೆ ಬೀಳುತ್ತವೆ. ಸ್ವಲ್ಪ ದಿನಕ್ಕೆ ಲೈನಿನವರು ಡಬ್ಬಿಯನ್ನೇ ನಂಬುವುದಿಲ್ಲ. ಆಮೇಲೆ ನಿಜವಾದ ದೋಷ ಬಂದರೂ ಅಯ್ಯೋ, ಇದೂ ಹಾಗೇ ಅಂದುಬಿಡುತ್ತಾರೆ. ನನಗೆ ಹೆಚ್ಚು ಭಯ ಇರುವುದು ಇದರದ್ದೇ.

ಹಾಗಾಗಿ ಪ್ರತಿ ಶಿಫ್ಟಿನಲ್ಲೂ ಆ ಡಬ್ಬಿಯಲ್ಲಿರುವುದನ್ನು ಕೈಯಲ್ಲಿ ಹಿಡಿದು ನೋಡು. ಪಾಸಾದದ್ದರಲ್ಲೂ ನಾಲ್ಕು ಎತ್ತಿಕೋ, ಕಲಿಯದೇ ಇರುವ ಹೊಸ ದೋಷ ಅಲ್ಲೇ ನುಸುಳಿರಬಹುದು. ಅಂಚಿನಲ್ಲಿ ಬರ್, ಅಂದರೆ ಲೋಹದ ಸಣ್ಣ ಚೂಪು ಮುಳ್ಳು, ಇದ್ದರೆ ಬೆರಳಾಡಿಸು, ಟೂಲ್ ಮೊಂಡಾಗಿದೆಯೋ ಏನೋ ಹೋಗಿ ನೋಡು. ಎರಕದ ಒಳಗಿನ ಗಾಳಿಗುಳ್ಳೆ ಮೇಲಿಂದ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ, ಅದಕ್ಕೆ ಎಕ್ಸ್‌ರೇಯಂಥ ಪರೀಕ್ಷೆ ಬೇಕು. ರಿಜೆಕ್ಷನ್ ದಿಢೀರನೆ ಏರಿದ ದಿನ ಮೊದಲು ದೀಪ, ಲೆನ್ಸಿನ ಧೂಳು ನೋಡು, ಆಮೇಲೆ ಮಷೀನಿನ ಹತ್ತಿರ ಹೋಗು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕೊಟ್ಟ ಕಂಟ್ರೋಲ್ ಚಾರ್ಟ್, ಅಂದರೆ ಲೆಕ್ಕವನ್ನು ಮಿತಿಗೆರೆಗಳ ನಡುವೆ ಗುರುತಿಸುವ ನಕ್ಷೆ, ಇನ್ನೂ ಹಳತಾಗಿಲ್ಲ ಮಗಳೇ. ಏರಿಳಿತ ಮಾಮೂಲಿಯದೋ, ಏನೋ ಕೆಟ್ಟಿದೆಯೋ ಅದರಲ್ಲಿ ಕಾಣುತ್ತದೆ. ಏನು ಕೆಟ್ಟಿದೆ ಅಂತ ಹುಡುಕಿ ಹೋಗಬೇಕಾದವಳು ನೀನು.

ಮುಂದಿನ ಪತ್ರದಲ್ಲಿ ಈ ವಾರ ಡಬ್ಬಿಯಲ್ಲಿ ಏನೇನು ಸಿಕ್ಕಿತು, ಯಾಕೆ ಅಂತ ಬರೆ. ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ