ಇಂಟರ್ನ್‌ಶಿಪ್ ಜಾಗ: ಶನಿವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಫಿಟ್ನೆಸ್, ಆರೋಗ್ಯ ಜಾಗೃತಿ ಇಂಟರ್ನ್‌ಶಿಪ್‌ಗೆ ಇನ್ನೂ ಜಾಗ ಗೊತ್ತು ಮಾಡಿಕೊಳ್ಳದ ಆರನೇ ಸೆಮ್‌ನವರಿಗೆ ಈ ಸೂಚನೆ.

ಒಟ್ಟು 120 ಗಂಟೆ ಆಗಬೇಕು. ದಿನಕ್ಕೆ 4 ಗಂಟೆ, ವಾರಕ್ಕೆ 6 ದಿನ ಹೋದರೆ 5 ವಾರ. ಜಿಮ್‌ಗೆ ಹೋಗುವವರು ಬೆಳಿಗ್ಗೆ 6ರಿಂದ 10ರ ಸಮಯ ಕೇಳಿ. ಮಧ್ಯಾಹ್ನ ಅಲ್ಲಿ ಜನ ಕಮ್ಮಿ, ಡಂಬೆಲ್ ಒರೆಸುವುದಷ್ಟೇ ಕೆಲಸ.

ಮೊದಲು ಬಾಯಿಮಾತಿನ ಒಪ್ಪಿಗೆ, ಆಮೇಲೆ ವಿಭಾಗದ ಪತ್ರ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿ ತನ್ನಿ. ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆನ್ನುವವರು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿ. ಆ ಕಚೇರಿಯ ಒಪ್ಪಿಗೆ ಇಲ್ಲದೆ ಕೇಂದ್ರದವರು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ.

ದಿನದ ಕೆಲಸ ಬರೆಯುವ ಡೈರಿಗೆ ಸಹಿ ಅವತ್ತವತ್ತೇ ಆಗಲಿ. ಕೊನೆಯ ದಿನ ಒಟ್ಟಿಗೆ ಹಾಕಿಸಿದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ, ಶಾಯಿ ಒಂದೇ ಇರುತ್ತದೆ! ‘ಬಿಪಿ ನೋಡಿದೆ’ ಅಂದರೆ ಸಾಲದು: ಎಷ್ಟು ಜನರದ್ದು, 5 ನಿಮಿಷ ಕೂರಿಸಿ ನೋಡಿದಿರಾ, ಎರಡನೇ ಸಲ ಎಷ್ಟು ಬಂತು, ಬರೆಯಿರಿ. ರೋಗಿಯ ಹೆಸರು ಬೇಡ, ವಯಸ್ಸು ಸಾಕು.

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗುವವರೇ, ಇದು ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ ಕಾಲ. ತುಂಬುತೋಳಿನ ಅಂಗಿ ಹಾಕಿ, ಕಾಡಂಚಿಗೆ ಹೋಗುವ ಮುಂಚೆ ಉಣ್ಣಿ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಬಂದಮೇಲೆ ಬಿಸಿನೀರು ಸ್ನಾನ ಮಾಡಿ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ.

ಶನಿವಾರ ಸಂಜೆ 5ರೊಳಗೆ ಹೆಸರು, ಜಾಗ, ಶುರುವಾಗುವ ದಿನ ಈ ಗುಂಪಿನಲ್ಲೇ ಬರೆಯಿರಿ. ಬರೀ ಹೆಬ್ಬೆರಳಿನ ಚಿಹ್ನೆ (👍) ಒತ್ತಿದರೆ ಲೆಕ್ಕಕ್ಕಿಲ್ಲ.