ಆ 12 ಪದ ಝೆರಾಕ್ಸ್ ಅಂಗಡಿಗೆ ಹೋಗಬಾರದು

ಸಂಪಾದಕರಿಗೆ ನಮಸ್ಕಾರ.

ನಮ್ಮ ವಿದ್ಯಾನಗರದ ಸುತ್ತ ಓದುವ, ಕೆಲಸಕ್ಕೆ ಹೋಗುವ ಎಷ್ಟೋ ಹುಡುಗರ ಹತ್ತಿರ ಈಗ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ, ಇದೆ. ಕೊಳ್ಳಬೇಕೋ ಬೇಡವೋ ಎಂಬ ವಾದ ಇಲ್ಲಿ ಬೇಡ. ಕೊಂಡಾಗಿದೆ. ಆದರೆ ಅದನ್ನು ಇಟ್ಟುಕೊಳ್ಳುವ ರೀತಿ ನೋಡಿದರೆ ಸಂಕಟವಾಗುತ್ತದೆ. ಕ್ರಿಪ್ಟೊ ಇಡುವ ಆ್ಯಪ್, ಅಂದರೆ ವಾಲೆಟ್, ಹೊಸದಾಗಿ ತೆರೆದಾಗ ಬರುವ 12 ಅಥವಾ 24 ಇಂಗ್ಲಿಷ್ ಪದಗಳನ್ನು ಸ್ಕ್ರೀನ್‌ಶಾಟ್ ತೆಗೆದು, ವಾಟ್ಸಾಪ್‌ನಲ್ಲಿ ಝೆರಾಕ್ಸ್ ಅಂಗಡಿಗೆ ಕಳಿಸಿ, ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಬೇರೆ ಮಾಡಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಊರಿನವರ ಪೆನ್‌ಡ್ರೈವ್ ಎಲ್ಲಾ ಚುಚ್ಚುವ ಕಂಪ್ಯೂಟರ್ ಅಲ್ವಾ ಅದು?

ಆ ಪದಗಳೇ ದುಡ್ಡು. ಅವು ಯಾರಿಗೆ ಸಿಕ್ಕರೂ ತಮ್ಮ ಫೋನಿನಲ್ಲಿ ಟೈಪ್ ಮಾಡಿ ವಾಲೆಟ್ ಪೂರ್ತಿ ಖಾಲಿ ಮಾಡಬಹುದು, ನಿಮ್ಮ ಒಟಿಪಿ ಬೇಕಿಲ್ಲ, ಬೆರಳಚ್ಚೂ ಬೇಕಿಲ್ಲ. ಹೋದದ್ದನ್ನು ವಾಪಸ್ ತರಿಸಲು ಓಡಿಹೋಗಿ ಕೇಳುವ ಬ್ಯಾಂಕ್ ಮ್ಯಾನೇಜರ್ ಇಲ್ಲಿಲ್ಲ. ಹಾಗಾಗಿ ಪದಗಳನ್ನು ಕೈಯಲ್ಲೇ ಕಾಗದದ ಮೇಲೆ ಬರೆಯಿರಿ. ಒಂದು ಪ್ರತಿ ಮನೆಯ ತಿಜೋರಿಯಲ್ಲಿ, ಗದಗ ಕಡೆಯೋ ಹಾವೇರಿ ಕಡೆಯೋ ಹಿರಿಯರ ಮನೆ ಇದ್ದರೆ ಇನ್ನೊಂದು ಅಲ್ಲಿರಲಿ. ಫೋಟೊ ಮಾತ್ರ ಬೇಡವೇ ಬೇಡ. ಟೆಲಿಗ್ರಾಂನಲ್ಲಿ ‘ಸಪೋರ್ಟ್’ ಎಂದುಕೊಂಡು ಬಂದು ಆ ಪದ ಕೇಳಿದವನು ಕಳ್ಳನೇ, ಅನುಮಾನವೇ ಬೇಡ.

ಕ್ರಿಪ್ಟೊ ಕೊಂಡು ಮಾರುವ ಕಂಪನಿಯಾದ ಎಕ್ಸ್‌ಚೇಂಜ್‌ನಲ್ಲೇ ಇದೆ, ನಮಗೇಕೆ ಚಿಂತೆ ಎನ್ನುವವರೂ ಇದ್ದಾರೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ನಮ್ಮ ದೇಶದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳುವಾಯಿತು. ಅಲ್ಲಿಟ್ಟವರು ಒಂದು ವರ್ಷಕ್ಕೂ ಜಾಸ್ತಿ ಕಾಲ ತಮ್ಮದನ್ನೇ ಮುಟ್ಟಲಾಗದೆ ಕೂತರು. ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಇದಕ್ಕೆ ಇಲ್ಲ. ದಿನಾ ಮಾರುವಷ್ಟು ಮಾತ್ರ ಅಲ್ಲಿರಲಿ. ದೊಡ್ಡ ಮೊತ್ತವಿದ್ದರೆ ಹಾರ್ಡ್‌ವೇರ್ ವಾಲೆಟ್ (ವಾಲೆಟ್‌ನ ಕೀಲಿಯನ್ನು ಫೋನಿನಿಂದ ಹೊರಗಿಡುವ, ಪೆನ್‌ಡ್ರೈವ್‌ನಂಥ ಸಾಧನ) ಕೊಳ್ಳಿ, ಅದೂ ತಯಾರಿಸಿದ ಕಂಪನಿಯಿಂದಲೇ, ಸೆಕೆಂಡ್ ಹ್ಯಾಂಡ್ ಬೇಡ. ಡಬ್ಬಿಯೊಳಗೆ ಪದಗಳನ್ನು ಮೊದಲೇ ಬರೆದ ಚೀಟಿ ಸಿಕ್ಕರೆ ಆ ಪದಗಳನ್ನು ಬಳಸಲೇಬೇಡಿ, ಅದು ಮೋಸದ ಮಾಲು.

ಕ್ರಿಪ್ಟೊ ಕಳಿಸುವಾಗ ಹಳೆಯ ವಹಿವಾಟಿನ ಪಟ್ಟಿಯಿಂದ ಅಡ್ರೆಸ್ (ಪಡೆಯುವವರ ವಾಲೆಟ್ ಗುರುತಿಸುವ ಅಕ್ಷರ, ಅಂಕಿಗಳ ಉದ್ದ ಸಾಲು) ಕಾಪಿ ಮಾಡಬಾರದು. ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರ ಹೊಂದುವಂಥ ಸುಳ್ಳು ಅಡ್ರೆಸ್ ಮಾಡಿ ಆ ಪಟ್ಟಿಗೆ ತೂರಿಸುವವರಿದ್ದಾರೆ. ಪೂರ್ತಿ ಓದಿ, ಮೊದಲು ಸ್ವಲ್ಪ ಕಳಿಸಿ ನೋಡಿ.

ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಹುಡುಗನಿಗೆ ಏನಾದರೂ ಆದರೆ ಆ ಕಾಗದ ಯಾಕಿದೆ ಅಂತ ಅವರಿಗೆ ಗೊತ್ತಿರಬೇಕು, ಇಲ್ಲವಾದರೆ ರದ್ದಿ ಜೊತೆ ಅದೂ ಹೋಗುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ‘ಇಷ್ಟು ಲಕ್ಷ ಪಂಗನಾಮ’ ಎಂಬ ಸುದ್ದಿ ಆಗಾಗ ಬರುತ್ತದೆ. ಹೋದ ಮೊತ್ತದ ಜೊತೆಗೆ ಕಳ್ಳ ಹೇಗೆ ಒಳಗೆ ಬಂದ ಎಂಬುದನ್ನೂ ಎರಡು ಸಾಲು ಬರೆಸಿ, ಕೆಳಗೆ ಸೈಬರ್ ಸಹಾಯವಾಣಿ 1930 ಅನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

— ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ