ಬ್ಯಾಟರಿ ಬದಲಿಸಿದ ಮೇಲೆ ಸೀಟಿನ ವಿಷಯವನ್ನೂ ಹೇಳಿ ಕಳಿಸಿ

ಮಾನ್ಯರೇ,

ನನ್ನ ಎತ್ತರ ನಾಲ್ಕಡಿ ಹನ್ನೊಂದು ಇಂಚು. ಮಗ ಆರಡಿ. ಮನೆಯಲ್ಲಿರುವುದು ಒಂದೇ ಕಾರು. ವಾರವೆಲ್ಲ ನಾನು ಓಡಿಸುತ್ತೇನೆ, ಶನಿವಾರ ಬೆಂಗಳೂರಿನಿಂದ ಮಗ ಬಂದರೆ ಕಾರು ಅವನದು. ಅದಕ್ಕೇ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ ಅಂತ ಸೀಟಿಗೆ ಮೆಮೊರಿ ಇರುವ ಕಾರನ್ನೇ ಹುಡುಕಿ ಕೊಂಡೆವು. 1ನೇ ಗುಂಡಿ ಒತ್ತಿದರೆ ಸೀಟು ತಾನೇ ನನ್ನ ಅಳತೆಗೆ ಬರುತ್ತದೆ, 2 ಒತ್ತಿದರೆ ಅವನದಕ್ಕೆ.

ಇದನ್ನು ಶೋಕಿ ಅಂದವರಿದ್ದಾರೆ. ಕುಳ್ಳಗಿರುವವರ ಕಷ್ಟ ಅವರಿಗೇನು ಗೊತ್ತು? ಪೆಡಲ್ ಸಿಗಲಿ ಅಂತ ಮುಂದೆ ಸರಿದರೆ ಸ್ಟೀರಿಂಗ್ ಎದೆಗೇ ಬರುತ್ತದೆ. ಒಳಗೆ ಏರ್‌ಬ್ಯಾಗ್ ಇರುತ್ತದಲ್ಲ, ನಡುವೆ 25 ಸೆಂಟಿಮೀಟರ್ ಆದರೂ ಜಾಗ ಬೇಕು. ನಾನು ಹೊಲಿಗೆ ಟೇಪು ಹಿಡಿದೇ ಆ ಅಳತೆ ಕೂರಿಸಿಕೊಂಡಿದ್ದೆ.

ಈ ಮಳೆಗಾಲದಲ್ಲಿ ಬ್ಯಾಟರಿ ಕೈಕೊಟ್ಟಿತು. ಸರ್ವಿಸ್ ಸೆಂಟರಿನವರು ಹೊಸದು ಹಾಕಿ ಕಳಿಸಿದರು. ಮರುದಿನ 1 ಒತ್ತಿದರೆ ಸೀಟು ಅಲ್ಲಾಡಲಿಲ್ಲ. ವಾಪಸ್ ಒಯ್ದೆ. ‘ಸೀಟ್ ಮಾಡ್ಯೂಲ್ ಹೋಗಿದೆ ಮೇಡಂ’ ಅಂದರು. ಸೀಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿಯಂತೆ ಅದು. 46,000 ರೂಪಾಯಿ ಎಸ್ಟಿಮೇಟು. ಪಾರ್ಟ್ ಬರಲು 20 ದಿನ.

ಪಕ್ಕದ ಮನೆಯವರು ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದರು. ಆ ಹುಡುಗ ಕೇಳಿದ ಮೊದಲ ಪ್ರಶ್ನೆ: ‘ಅಮ್ಮಾ, ಸೀಟಿನ ಪಕ್ಕದ ಸ್ವಿಚ್ಚಲ್ಲಿ ಓಡುತ್ತಾ?’ ಓಡುತ್ತೆ ಅಂದೆ. ‘ಹಾಗಾದ್ರೆ ಮೋಟರ್ರೂ ಫ್ಯೂಸೂ ಸರಿ ಇದೆ ಬಿಡಿ.’ ಟಾರ್ಚ್ ಹಿಡಿದು ಸೀಟಿನ ಕೆಳಗೆ ನೋಡಿದ. ಸೀಟು ಜಾರುವ ಕಂಬಿಯ ಸಂದಿಯಿಂದ ಐದು ರೂಪಾಯಿ ನಾಣ್ಯ, ಒಂದು ಬಾಚಣಿಗೆ, ಹಿಡಿ ಶೇಂಗಾ ಸಿಪ್ಪೆ ಹೊರಬಂತು. (ಸಿಪ್ಪೆ ಯಾರದು ಅಂತ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.) ಅಲ್ಲೇ ಇದ್ದ ಹಳದಿ ಕನೆಕ್ಟರ್ ತೋರಿಸಿ, ‘ಇದು ಏರ್‌ಬ್ಯಾಗಿಂದು, ನೀವು ಕೈ ಹಾಕಬೇಡಿ’ ಅಂದ.

ಆಮೇಲೆ ವಿಷಯ ಹೇಳಿದ. ಮೋಟರ್ ಎಷ್ಟು ಸುತ್ತು ತಿರುಗಿತು ಅಂತ ಒಂದು ಸೆನ್ಸರ್ ಎಣಿಸುತ್ತಿರುತ್ತದೆ. ಆ ಲೆಕ್ಕವೇ ಸೀಟಿನ ನೆನಪು. ಬ್ಯಾಟರಿ ಬಿಚ್ಚಿದರೆ ಕೆಲವು ಕಾರುಗಳಲ್ಲಿ ಲೆಕ್ಕ ತಪ್ಪಿಹೋಗುತ್ತದೆ. ನಾನು ಮೇಷ್ಟ್ರಾಗಿದ್ದವಳು, ನನಗೆ ತಕ್ಷಣ ಅರ್ಥವಾಯಿತು. ಮಣಿ ಎಣಿಸುವಾಗ ತಪ್ಪಿದ ಮಗು ಮತ್ತೆ ಒಂದರಿಂದ ಶುರು ಮಾಡಬೇಕು, ಅಲ್ವಾ?

ಗೇರು ಪಿ (ಪಾರ್ಕಿಂಗ್) ಯಲ್ಲಿಟ್ಟು ಎಂಜಿನ್ ಆನ್ ಮಾಡಿಸಿದ. ಸೀಟನ್ನು ಪೂರ್ತಿ ಮುಂದಕ್ಕೆ ತಂದು, ನಿಂತ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡು ಒತ್ತಿ ಹಿಡಿಸಿದ. ಪೂರ್ತಿ ಹಿಂದಕ್ಕೂ ಹಾಗೇ. ಎತ್ತರಕ್ಕೆ, ಬೆನ್ನಿಗೆ ಅದೇ ಥರ. ಕೊನೆಗೆ ನನ್ನ ಅಳತೆಗೆ ತಂದು ಸೆಟ್ ಒತ್ತಿ, ತಕ್ಷಣ 1 ಒತ್ತಿದೆ. ಬೀಪ್ ಅಂದಿತು. ಹತ್ತು ನಿಮಿಷ, ಇನ್ನೂರು ರೂಪಾಯಿ.

ಎಲ್ಲ ಕಾರಿಗೂ ಇದೇ ಮದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಇಲಿ ಒಳಗೆ ಸೇರಿ ವೈರ್ ಕಡಿಯುವುದೂ ಉಂಟು, ಆಗ ಖರ್ಚು ತಪ್ಪಿದ್ದಲ್ಲ. ಆದರೆ ಎಸ್ಟಿಮೇಟು ಬರೆಯುವ ಮುಂಚೆ ಈ ಹತ್ತು ನಿಮಿಷ ಯಾಕೆ ಕೊಡಬಾರದು? ಬ್ಯಾಟರಿ ಬದಲಿಸಿದವರು ಬಿಲ್ಲಿನ ಮೇಲೆ ‘ಸೀಟು, ಕಿಟಕಿ ಗಾಜು, ಗಡಿಯಾರ ಮತ್ತೆ ಸೆಟ್ ಮಾಡಿಕೊಳ್ಳಿ’ ಅಂತ ಒಂದು ಸಾಲು ಬರೆದರೆ ಸಾಕು. ಕಾರಿನ ಜಾಹೀರಾತು ಕನ್ನಡದಲ್ಲಿ ಬರುತ್ತದೆ, ಕಾರಿನ ಜೊತೆ ಕೊಡುವ ಪುಸ್ತಕ ಮಾತ್ರ ಇಂಗ್ಲಿಷಿನಲ್ಲೇ ಯಾಕೆ? ಅದೂ ಕನ್ನಡದಲ್ಲಿ ಸಿಗಲಿ.

ಆ 46,000ದ ಎಸ್ಟಿಮೇಟು ಎತ್ತಿಟ್ಟಿದ್ದೇನೆ. ಯಾವ ಪರೀಕ್ಷೆ ಮಾಡಿ ಮಾಡ್ಯೂಲ್ ಹೋಗಿದೆ ಅಂದಿರಿ ಅಂತ ಸರ್ವಿಸ್ ಸೆಂಟರಿಗೆ ಪತ್ರ ಹಾಕಿದ್ದೇನೆ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವವಳಿದ್ದೇನೆ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ